ಮೇಜಿನ ಮೇಲೆ ಉಳಿದ ಗೋಲಿ

ಟೊಲಿಡೊದ ಗೇರ್‌ಬಾಕ್ಸ್ ಸಾರ್ವಭೌಮರಾದ ಅಪ್ಪನವರ ಸನ್ನಿಧಿಗೆ,

ತಮ್ಮ ಮುದಿ ಪಿಕಪ್ಪಿನ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ನಾನೊಬ್ಬನೇ ಬಿಚ್ಚಿ, ಹೊಸ ಕ್ಲಚ್ ತಟ್ಟೆಗಳನ್ನು ಹಾಕಿ, ಇಂದು ಮುಚ್ಚಿ ಗಾಡಿಗೆ ಮರಳಿ ಜೋಡಿಸಿದೆನೆಂದು ವರದಿ ಒಪ್ಪಿಸುತ್ತಿದ್ದೇನೆ. ಒಳಗಿನ ಎಣ್ಣೆಯ ದಾರಿ ಕಾಯುವ ಉಕ್ಕಿನ ಗೋಲಿಗಳನ್ನು ಉದುರದಂತೆ ನಿಮ್ಮ ಹಾಗೆಯೇ ವ್ಯಾಸಲೀನ್ ಮೆತ್ತಿ ಕೂರಿಸಿದೆ. ಕೊನೆಯ ಬೋಲ್ಟು ಬಿಗಿದು ನೋಡಿದರೆ ಮೇಜಿನ ಮೇಲೆ ಒಂದು ಗೋಲಿ ಉಳಿದಿತ್ತು. ಗ್ಯಾರೇಜಿನ ಹೊಸ ಕೆಲಸಗಾರರನ್ನು ಹೆದರಿಸಲು ನೀವು ಗುಟ್ಟಾಗಿ ಮೇಜಿನ ಮೇಲೆ ಇಡುತ್ತಿದ್ದ ಹೆಚ್ಚುವರಿ ಗೋಲಿ ನೆನಪಾಗಿ, ಜೋರಾಗಿ ನಕ್ಕು, ನೀವಲ್ಲಿ ನಿಂತಿದ್ದೀರೆಂಬಂತೆ ಬಾಗಿಲ ಕಡೆ ತಿರುಗಿದೆ.

ಅಲ್ಲಿ ಅಮ್ಮ ನಿಂತಿದ್ದಳು. "ಏನೋ ಕೋಲ್ಟನ್, ಹಲ್ಲು ಕಿರೀತೀಯಾ? ನಾಳೆ ಗುಜರಿಯವನು ಬರ್ತಾನೆ. ಗಾಡಿ ಹೊರಡುತ್ತೋ ಇಲ್ವೋ?"

ರಿವರ್ಸ್ ಗೇರ್ ಹಾಕಿದೆ. ಎಂಜಿನ್ ಅಬ್ಬರಿಸಿತು, ಚಕ್ರ ಕದಲಲಿಲ್ಲ.

"ನಿಮ್ಮಪ್ಪನೂ ಹೋದ್ರು, ಇದೂ ಹೋಗ್ಲಿ ಬಿಡು," ಎಂದು ಅಮ್ಮ ಒಳಗೆ ನಡೆದಳು.

ಗೋಲಿ ನನ್ನ ಮುಷ್ಟಿಯಲ್ಲಿದೆ. ಇದು ನಾನು ಹಾಕಲು ಮರೆತದ್ದಲ್ಲ, ಇಟ್ಟವರು ನೀವೇ ಎಂದು ಒಪ್ಪಿಕೊಂಡುಬಿಡಿ, ಅಪ್ಪಾ.