ಸರಳುಗಳ ಹಿಂದೆ ಮಕ್ಕಳ ಔಷಧ

ಮಾನ್ಯ ಆರೋಗ್ಯಾಧಿಕಾರಿಗಳೇ,

ಶಾಲಾ ಮಕ್ಕಳಿಗೆಂದು ಬಂದ ಕಬ್ಬಿಣಾಂಶದ ಔಷಧ ನಿಮ್ಮ ಉಗ್ರಾಣದಲ್ಲಿ ಸುಖವಾಗಿ ನಿದ್ರಿಸುತ್ತಿದೆ. ದಯವಿಟ್ಟು ಅದನ್ನು ಎಬ್ಬಿಸಿ ಎಂದು ಬೇಡಿಕೊಳ್ಳಲು ಈ ಪತ್ರ.

ನಾನು ಗೇಟು, ಕಿಟಕಿ ಸರಳು ಬೆಸೆಯುವ ವೆಲ್ಡರ್. ಅಂಗಡಿಯಲ್ಲಿ ಕಬ್ಬಿಣ, ಅಂಗಿಯ ತುಂಬ ಕಬ್ಬಿಣದ ಪುಡಿ, ಹೆಂಡತಿ ಹೇಳುವಂತೆ ತಲೆಯೊಳಗೂ ಅದೇ. ಇಂಥ ಮನೆಯಲ್ಲಿ ಎರಡನೇ ಕ್ಲಾಸಿನ ಮಗಳು ಮಂಚದ ಪಕ್ಕದ ಗೋಡೆಯ ಸುಣ್ಣ ಕೆರೆದು ತಿನ್ನತೊಡಗಿದಳು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮನೆಯ ಮಾಲೀಕರು ಬಂದು ಗೋಡೆಯನ್ನು ಕಂಡು ಕನಿಕರಿಸಿದರು. ನನ್ನ ಅಕ್ಕ ಮಾತ್ರ ಮಗುವಿನ ಕಣ್ಣುರೆಪ್ಪೆ ಬಿಡಿಸಿ ನೋಡಿ, "ಏನೋ ಇದು, ಒಂಚೂರೂ ಕೆಂಪಿಲ್ವಲ್ಲೋ! ನಡಿ ಡಾಕ್ಟ್ರ ಹತ್ರ" ಎಂದು ನಮ್ಮಿಬ್ಬರನ್ನೂ ಎಳೆದೊಯ್ದಳು.

ರಕ್ತಪರೀಕ್ಷೆ ಮಾಡಿಸಿದ ವೈದ್ಯೆ ನನ್ನ ಕೆಲಸ ಯಾವುದೆಂದು ಕೇಳಿ ನಕ್ಕೇಬಿಟ್ಟರು. "ಊರಿಗೆಲ್ಲ ಕಬ್ಬಿಣ ಹಂಚ್ತೀರಿ, ಮಗಳ ರಕ್ತದಲ್ಲೇ ಇಲ್ವಲ್ರೀ! ಮೈಗೆ ಬೇಕಾಗಿರೋದು ಚಿಟಿಕೆಗಿಂತ ಕಡಿಮೆ. ಆದ್ರೆ ಅದಿಲ್ದಿದ್ರೆ ಮಕ್ಕಳಿಗೆ ಓದೋಕೂ ಆಗಲ್ಲ, ಆಡೋಕೂ ಆಗಲ್ಲ. ಸ್ಕೂಲಲ್ಲಿ ಔಷಧಿ ಕೊಟ್ಟಿಲ್ವಾ?"

ಕೊಟ್ಟಿರಲಿಲ್ಲ. ಅಂಗಡಿಯಿಂದ ತಂದು ಕುಡಿಸಿದೆವು.

ಅಷ್ಟರಲ್ಲಿ ನಿಮ್ಮ ಕಚೇರಿಯಿಂದಲೇ ಕರೆ ಬಂತು: ಉಗ್ರಾಣಕ್ಕೆ ಭದ್ರವಾದ ಸರಳಿನ ಬಾಗಿಲು ಬೇಕಂತೆ. ಬೆಸೆಯುತ್ತ ಒಳಗೆ ಇಣುಕಿದರೆ ಸೂರಿನವರೆಗೂ ಪೆಟ್ಟಿಗೆಗಳು, ಅವುಗಳ ಮೇಲೆ ಅದೇ ಔಷಧದ ಹೆಸರು!

"ಇದನ್ಯಾಕೆ ಸ್ವಾಮಿ ಇಲ್ಲೇ ಇಟ್ಕೊಂಡಿದೀರಾ?" ಎಂದೆ.

"ಹಂಚೋ ಕಾರ್ಯಕ್ರಮನ ಸಾಹೇಬ್ರು ಉದ್ಘಾಟನೆ ಮಾಡ್ಬೇಕಲ್ಲಪ್ಪಾ, ಅವರಿಗೆ ಪುರುಸೊತ್ತಿಲ್ಲ. ಅಲ್ಲೀವರೆಗೂ ಕಳ್ಳರ ಕೈಗೆ ಸಿಗಬಾರ್ದು ನೋಡು" ಎಂದರು ಉಗ್ರಾಣದವರು.

ಯಾವ ಕಳ್ಳರು, ಮಾನ್ಯರೇ? ಆ ಔಷಧವನ್ನು ಕದ್ದು ಕುಡಿಯುವ ಒಂದೇ ಒಂದು ಮಗುವನ್ನು ತೋರಿಸಿ, ಕಾಲಿಗೆ ಬೀಳುತ್ತೇನೆ! ನನ್ನ ಮಗಳು ಒಂದು ಚಮಚಕ್ಕೆ ನಮ್ಮನ್ನು ಮನೆಯೆಲ್ಲ ಓಡಾಡಿಸುತ್ತಾಳೆ. ಟೇಪು ಕತ್ತರಿಸುವ ಘನಕಾರ್ಯ ತಮಗೆ ಅಷ್ಟೊಂದು ಕಬ್ಬಿಣದ ಕಡಲೆಯಾಯಿತೇ?

ಮಗಳು ಈಗ ಗೋಡೆಯ ತಂಟೆಗೆ ಹೋಗುವುದಿಲ್ಲ. ಬೀದಿಯಲ್ಲಿ ಕುಂಟೆಬಿಲ್ಲೆಗೆ ನಿಂತರೆ ಊಟಕ್ಕೆ ಕರೆದರೂ ಬರುವುದಿಲ್ಲ. ಆದರೆ ಮೊನ್ನೆ ಕೇಳಿದಳು: "ಅಪ್ಪಾ, ನನ್ನ ಪಕ್ಕ ಕೂರೋಳು ಸೀಮೆಸುಣ್ಣ ತಿಂತಾಳೆ. ನನ್ನ ಬಾಟ್ಲೀನ ಅವಳಿಗೆ ಕೊಡ್ಲಾ?"

ಅಲ್ಲಿಗೆ ನನ್ನ ನಗು ನಿಂತುಹೋಯಿತು.

ಈ ವಾರವೇ ಪೆಟ್ಟಿಗೆಗಳನ್ನು ಶಾಲೆಗಳಿಗೆ ಕಳುಹಿಸಿಬಿಡಿ. ತಮ್ಮ ಭಾಷಣವನ್ನು ಯಾರೂ ಬೇಡವೆನ್ನುತ್ತಿಲ್ಲ. ಮಕ್ಕಳು ಚೇತರಿಸಿಕೊಂಡ ಮೇಲೆ ಎಷ್ಟು ಹೊತ್ತು ಬೇಕಾದರೂ ಮಾಡಿ. ಚಪ್ಪಾಳೆ ತಟ್ಟುವುದಕ್ಕೂ ಕೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲವೇ?

ಇಂತಿ,
ತಮ್ಮ ಪುರುಸೊತ್ತಿಗೆ ಕಾದು ಸುಸ್ತಾದ
ಒಬ್ಬ ಅಪ್ಪ