ಎಲ್ಲಿ ಅರ್ಥವಾಗಲಿಲ್ಲ?

ಸೆಪ್ಟೆಂಬರ್ ೧೪

ಪ್ರೀತಿಯ ತಂಗಿಗೆ ಅಣ್ಣನ ಆಶೀರ್ವಾದಗಳು.

ಈ ವರ್ಷ ಬೇಸಿಗೆ ರಜೆ ಮುಗಿದು ಮಕ್ಕಳು ಬ್ಯಾಗು ಹೊತ್ತು ಬಂದ ದಿನವೇ ನಿನ್ನ ಅಭ್ಯಾಸ ಶಾಲೆಯ ಗೇಟಿಗೆ ಬೀಗ ಹಾಕಿದರು. ಹಾಕಿದವರು ಹೊರಗಿನವರಲ್ಲ. ಆ ಶಾಲೆಯ ಮಕ್ಕಳ ಮುಂದೆ ಹೊಸ ಮೇಷ್ಟ್ರುಗಳನ್ನು ಪಳಗಿಸಿ, ಅದರ ಹೆಗಲೇರಿ ಬೆಳೆದ ನಮ್ಮ ಟ್ರೈನಿಂಗ್ ಕಾಲೇಜು, ಈಗಿನ ವಿಶ್ವವಿದ್ಯಾಲಯ. ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಇಲ್ಲದಿದ್ದರೆ ಸೆಕೆ, ಮಂಡಿನೋವು ಎಂದು ಸುತ್ತಿ ಬಳಸಿ ಈ ಸಲವೂ ಹೇಳದೆ ಉಳಿಯುತ್ತಿದ್ದೆ.

ನಿನ್ನ ಎರಡು ಪತ್ರಗಳಿಗೂ ಉತ್ತರಿಸದಿದ್ದುದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು "ನನ್ನ ಶಾಲೆ ಹೇಗಿದೆ ಅಣ್ಣ?" ಎಂದಾಗಲೆಲ್ಲ "ಇದೆ" ಎಂದೆ. ಅಷ್ಟು ವರ್ಷ ವಕೀಲಿ ಮಾಡಿದವನು. ಸುಳ್ಳು ಹೇಳದೆ ನಿಜ ಮುಚ್ಚುವುದು ರೂಢಿಯಾಗಿದೆ. ಕಟ್ಟಡ ಇದೆಯಲ್ಲ! ನಿನಗೆ ಕಿವಿ ಮಂದವಾದ ಮೇಲೆ ಇಂಥದ್ದನ್ನು ಫೋನಿನಲ್ಲಿ ಕೂಗಿಯೇ ಹೇಳಬೇಕು. ಕೂಗಿದರೆ ಸೊಸೆಗೆ ಕೇಳಿಸುತ್ತದೆ. ಅವಳಿಗೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಕೆಲಸ ಸಿಕ್ಕಿದೆ, ವರ್ಷ ವರ್ಷಕ್ಕೂ ನವೀಕರಿಸುವ ಗುತ್ತಿಗೆಯ ಕೆಲಸ. ಅದಕ್ಕೇ ಕಾಗದ.

ನೀನು ಈಗ ಬಂದರೆ ದಾರಿ ತಪ್ಪುತ್ತೀಯ. ಕಾಲೇಜಿನ ಹೆಂಚಿನ ಮಾಡಿನ ತರಗತಿಗಳಿದ್ದ ಕಡೆ ಐದು ಅಂತಸ್ತಿನ ಗಾಜಿನ ಕಟ್ಟಡ. ಗೇಟಿನಲ್ಲಿ ಕಾವಲುಗಾರ ಗುರುತಿನ ಚೀಟಿ ಕೇಳುತ್ತಾನೆ. ಮ್ಯಾನೇಜ್‌ಮೆಂಟ್ ಇದೆ, ಜೀವತಂತ್ರಜ್ಞಾನ ಇದೆ, ಏನೆಂದು ನನಗೂ ತಿಳಿಯದ ಇನ್ನೆರಡು ವಿಭಾಗಗಳಿವೆ. ಮೇಷ್ಟ್ರುಗಳನ್ನು ತಯಾರಿಸುವ ವಿಭಾಗ ಮಾತ್ರ ಮೂರನೇ ಮಹಡಿಯ ಕೊನೆಯಲ್ಲಿ, ಮುರಿದ ಕುರ್ಚಿಗಳ ಕೋಣೆಯ ಪಕ್ಕದಲ್ಲಿದೆ. ಎಲ್ಲವೂ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನಮ್ಮ ಬೀದಿಯ ದರ್ಜಿಯ ಮಗಳು ಮನೆಯಲ್ಲೇ ಇದ್ದುಕೊಂಡು ಎಂ.ಎಸ್ಸಿ. ಓದುತ್ತಿದ್ದಾಳೆ. ವಿಶ್ವವಿದ್ಯಾಲಯ ಬೇಕೆಂದು ಮೆರವಣಿಗೆ ಹೋದವರಲ್ಲಿ ನಾನೂ ಒಬ್ಬ. ಮನವಿಯ ಕರಡು ತಿದ್ದಿದ್ದೂ ನಾನೇ. ಆ ಹುಡುಗಿಯನ್ನು ಕಂಡಾಗ, ಹೋಗಿದ್ದು ದಂಡವಾಗಲಿಲ್ಲ ಎನಿಸುತ್ತದೆ. ಆದರೆ ಮಹಡಿ ಕಟ್ಟಲು ಮೆಟ್ಟಿಲನ್ನೇ ಕೀಳಬೇಕೆಂದು ನಾವು ಯಾವ ಮನವಿಯಲ್ಲೂ ಬರೆದಿರಲಿಲ್ಲ.

ನಿನ್ನ ಶಾಲೆ ಈಗ ಅಂತರರಾಷ್ಟ್ರೀಯ ಸಹಯೋಗ ಕೇಂದ್ರ. ಎಲ್ಲ ಬದಲಾಯಿಸಿದವರು ಕೈತೊಳೆಯುವ ತೊಟ್ಟಿಗಳನ್ನು ಮರೆತಿದ್ದಾರೆ. ಮಕ್ಕಳ ಎತ್ತರಕ್ಕೆಂದು ನೀನು ಜಗಳವಾಡಿ ಹಾಕಿಸಿದ ಆ ಕುಳ್ಳ ತೊಟ್ಟಿಗಳ ಮುಂದೆ ಸೂಟು ಹಾಕಿದ ಅತಿಥಿಗಳು ಮೊಣಕಾಲು ಮಡಚಿ ನಿಲ್ಲುತ್ತಾರೆ. ನಿನ್ನ ಅತ್ತಿಗೆ ಇದನ್ನು ಕೇಳಿ, "ಬಗ್ಗಲಿ ಬಿಡಿ, ಆ ಕಟ್ಟಡದಲ್ಲಿ ಬೆನ್ನು ಬಗ್ಗಿಸೋ ಕೆಲ್ಸ ಅದೊಂದೇ ಉಳಿದಿರೋದು" ಎಂದಳು.

ಹಾಗಾದರೆ ಪಾಠ ಮಾಡುವುದನ್ನು ಕಲಿಯುವವರು ಯಾರ ಮುಂದೆ ಕಲಿಯುತ್ತಾರೆ ಎಂದು ಕೇಳುತ್ತೀಯ. ಒಬ್ಬರ ಮುಂದೆ ಒಬ್ಬರು! ಮೀಸೆ ಹೊತ್ತ ಗಂಡಸರು ನಾಲ್ಕನೇ ತರಗತಿಯ ಮಕ್ಕಳಾಗಿ ಬೆಂಚಿನಲ್ಲಿ ಕೂರುತ್ತಾರೆ. "ಟೀಚರ್, ಇವ್ನು ಚಿವುಟ್ತಾನೆ" ಎಂದು ಒಬ್ಬ, "ನೀರು ಕುಡಿಯೋಕ್ ಹೋಗ್ಲಾ?" ಎಂದು ಇನ್ನೊಬ್ಬ. ದರ್ಜಿಯ ಮಗಳು ಅಲ್ಲಿ ಕಂಡದ್ದನ್ನು ನಟಿಸಿ ತೋರಿಸಿದಾಗ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆಮೇಲೆ ನನಗೆ ನಗು ಬರಲಿಲ್ಲ. ಆ ಬೆಂಚಿನಲ್ಲಿ ಅರ್ಥವಾಗದ ಮಗು ಒಂದೂ ಇಲ್ಲ. ಎಲ್ಲರೂ ಪದವೀಧರರು.

ನೀನು ಹಾಕಿಕೊಟ್ಟ ಪದ್ಧತಿ ನೆನಪಿದೆಯೇ ಎಂದು ನಿನ್ನನ್ನೇ ಕೇಳುವುದು ಹುಚ್ಚುತನ. ಪಾಠ ಮುಗಿದಾಗ "ಅರ್ಥ ಆಯ್ತಾ?" ಎಂದು ಕೇಳಕೂಡದು, "ಎಲ್ಲಿ ಅರ್ಥ ಆಗ್ಲಿಲ್ಲ?" ಎಂದೇ ಕೇಳಬೇಕು. ಯಾವ ಮಗು ಎದ್ದು ನಿಂತು ಆ ಜಾಗ ತೋರಿಸುತ್ತದೋ ಅದಕ್ಕೆ ಉಳಿದವರ ಚಪ್ಪಾಳೆ. ಮೇಷ್ಟ್ರಾಗುವವನು ಅಲ್ಲಿಂದ ಮತ್ತೆ ಶುರುಮಾಡಬೇಕು. ಹೊಸಬರು ಬೆವರುತ್ತಿದ್ದರು. "ಮೇಡಂ, ನಿಮ್ಮ ಮಕ್ಕಳಿಗಿಂತ ಪೊಲೀಸ್ರೇ ವಾಸಿ" ಎಂದು ಒಬ್ಬ ನಿನ್ನ ಮುಂದೆ ಗೋಳಾಡಿದಾಗ ನೀನು, "ಪೊಲೀಸ್ರು ಬಿಟ್ಟಾದ್ರೂ ಬಿಡ್ತಾರಪ್ಪ, ಇವು ಬಿಡಲ್ಲ" ಎಂದಿದ್ದೆಯಂತೆ.

ನಮ್ಮ ಮೊಮ್ಮಗಳು ಚಿನಕುರಳಿ ನಾಲ್ಕು ವರ್ಷ ಆ ಪದ್ಧತಿಯಲ್ಲೇ ಬೆಳೆದಳು. ಬೀಗ ಬಿದ್ದ ಮೇಲೆ ಅವಳನ್ನು ದೊಡ್ಡ ರಸ್ತೆಯಾಚೆಯ ಶಾಲೆಗೆ ಸೇರಿಸಿದೆವು. ಅಲ್ಲಿ ಒಂದು ತರಗತಿ ಎಂದರೆ ಒಂದು ಸಂತೆ.

ಕಳೆದ ತಿಂಗಳು ವಿಶ್ವವಿದ್ಯಾಲಯಕ್ಕೆ ದರ್ಜೆ ನೀಡುವ ಪರಿಶೀಲನಾ ತಂಡ ಬಂತು. ನಿಜವಾದ ಮಕ್ಕಳಿಗೆ ಪಾಠ ಮಾಡುವುದನ್ನು ತೋರಿಸಿ ಎಂದರಂತೆ. ಮಕ್ಕಳೆಲ್ಲಿದ್ದಾರೆ? ನೌಕರರ ಮಕ್ಕಳನ್ನೇ ಕರೆತನ್ನಿ ಎಂದು ಸುತ್ತೋಲೆ ಹೊರಟಿತು. ಗುತ್ತಿಗೆಯವಳು ಇಲ್ಲ ಎನ್ನಲಾಗುತ್ತದೆಯೇ? ಚಿನಕುರಳಿಗೋ ಸಂಭ್ರಮ. "ತಾತ, ನನ್ನ ಹಳೇ ಸ್ಕೂಲಿಗೆ ಹೋಗ್ತಿದೀನಿ!" ಎಂದು ಕುಣಿದಳು. ಅದೇ ಕೋಣೆ, ಗೋಡೆಗೆ ಹೊಸದಾಗಿ ದೊಡ್ಡ ಪರದೆ. ಪಾಠ ಭಿನ್ನರಾಶಿ. ಮುಂಚಿನ ದಿನವೇ ಮಕ್ಕಳಿಗೆ ಉತ್ತರಗಳನ್ನು ಬಾಯಿಪಾಠ ಮಾಡಿಸಿದ್ದರು. ಎಲ್ಲರೂ ಗಿಳಿಗಳಂತೆ ಒಪ್ಪಿಸಿದರು, ಇವಳೂ ಒಪ್ಪಿಸಿದಳು. ಪಾಠ ಮುಗಿಯಿತು, ತಂಡದವರು ತಲೆದೂಗಿದರು. ಆಗ ಇವಳು, ಆ ಕೋಣೆಯಲ್ಲಿ ಪಾಠ ಮುಗಿದಾಗ ಏನು ಮಾಡಬೇಕೆಂದು ನೀವೆಲ್ಲ ಕಲಿಸಿದ್ದಿರೋ ಅದನ್ನು ಮಾಡಿದಳು. ಎದ್ದು ನಿಂತಳು.

"ಟೀಚರ್, ಎರಡಕ್ಕಿಂತ ಮೂರು ದೊಡ್ಡದಲ್ವಾ? ಮತ್ತೆ ಎರಡರಲ್ಲಿ ಒಂದು ಭಾಗಕ್ಕಿಂತ ಮೂರರಲ್ಲಿ ಒಂದು ಭಾಗ ಯಾಕೆ ಚಿಕ್ಕದು? ಅಲ್ಲಿ ಅರ್ಥ ಆಗ್ಲಿಲ್ಲ."

ಹೇಳಿ ಚಪ್ಪಾಳೆಗೆ ಕಾದು ನಿಂತಿದ್ದಳಂತೆ. ಯಾರೂ ತಟ್ಟಲಿಲ್ಲ. ಪಾಠ ಮಾಡುತ್ತಿದ್ದ ಹುಡುಗಿ ಗಾಬರಿಯಲ್ಲಿ ಗುಂಡಿ ಒತ್ತಿದಳು. ಪರದೆಯ ಮೇಲೆ "ಧನ್ಯವಾದಗಳು" ಎಂದು ಬಂತು. ಅವಳನ್ನು ಬಯ್ಯಲಾರೆ. ಅಂಥ ಪ್ರಶ್ನೆಯನ್ನು ಅವಳು ಮೀಸೆಯ ಮಕ್ಕಳಿಂದ ಎಲ್ಲಿ ಕೇಳಿರಬೇಕು? ವಿಭಾಗದ ಮುಖ್ಯಸ್ಥರು ನಗುತ್ತಲೇ, "ಪಾಪ, ಮಗು ಸುಸ್ತಾಗಿದೆ" ಎಂದು ಕೈಹಿಡಿದು ಹೊರಗೆ ಕೂರಿಸಿದರು. ವ್ಯಾನು ಬರುವವರೆಗೆ ಅವಳು ವರಾಂಡದಲ್ಲಿ ಒಬ್ಬಳೇ ಕುಳಿತಿದ್ದಳು. ಸಂಜೆ ಅದೇ ಮುಖ್ಯಸ್ಥರು ಸೊಸೆಯನ್ನು ಕರೆಸಿ, "ನಿಮ್ಮ ಮಗಳು ಸ್ವಲ್ಪ ನಿಧಾನ ಅನ್ಸುತ್ತೆ. ನಮ್ಮ ಮನಶ್ಶಾಸ್ತ್ರ ವಿಭಾಗದಲ್ಲೇ ತೋರ್ಸಿ, ನೌಕರರಿಗೆ ಉಚಿತ" ಎಂದರಂತೆ.

ನಾನು ಕೋಟು ತೊಟ್ಟು ಹೋದೆ. ಕುಲಪತಿಗಳು ಸಿಗಲಿಲ್ಲ, ಕುಲಸಚಿವರು ಕಾಫಿ ಕೊಟ್ಟರು.

"ಸರ್, ನಿಮ್ಮಂಥ ಹಿರಿಯರ ಹೋರಾಟದಿಂದಲೇ ಇದೆಲ್ಲ ಆಗಿದ್ದು" ಎಂದರು.

"ಅದಕ್ಕೇ ಕೇಳ್ತಿದೀನಿ. ಶಾಲೆ ಯಾಕೆ ಮುಚ್ಚಿದ್ರಿ?"

"ನಮ್ಮದು ಉನ್ನತ ಶಿಕ್ಷಣ ಸರ್. ಪ್ರಾಥಮಿಕ ಶಾಲೆ ನಡೆಸೋಕೆ ನಿಯಮದಲ್ಲಿ ಜಾಗನೇ ಇಲ್ಲ."

"ನಿಯಮದಲ್ಲಿ ಜಾಗ ಮಾಡ್ಬಹುದಿತ್ತಲ್ಲ?"

"ಮಾಡ್ಬಹುದಿತ್ತು ಸರ್," ಎಂದು ಆ ಮನುಷ್ಯ ಬಲು ಮರ್ಯಾದೆಯಿಂದ ಒಪ್ಪಿಕೊಂಡರು. "ಯಾರೂ ಕೇಳ್ಲಿಲ್ಲ."

ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗೆ? ಪತ್ರಿಕೆಗೆ ಬರೆಯುತ್ತೇನೆಂದು ಕುಳಿತರೆ ಮಗ ಬಂದು ಪೆನ್ನು ಹಿಡಿದುಕೊಂಡ. "ಅಪ್ಪ, ನಿಮ್ಮ ಕಾಲಿಗೆ ಬೀಳ್ತೀನಿ. ಮುಂದಿನ ತಿಂಗಳು ಇವಳ ಗುತ್ತಿಗೆ ನವೀಕರಣ ಇದೆ. ನಿಮ್ಮ ಹೆಸರು ನೋಡಿದ್ರೆ ಗೊತ್ತಾಗಲ್ವಾ ಯಾರ ಮಾವ ಅಂತ?" ಸೊಸೆ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು. ಅವಳೇನು ಸುಖಕ್ಕೆ ಹೋಗುತ್ತಿದ್ದಾಳೆಯೇ? ಇವನ ಕಾರ್ಖಾನೆ ಅರ್ಧ ದಿನವೇ ನಡೆಯುತ್ತಿದೆ. ಊರಿನವರ ಪರವಾಗಿ ಎಷ್ಟೋ ದಾವೆ ಹೂಡಿದವನು ಸ್ವಂತ ಮೊಮ್ಮಗಳ ಪರವಾಗಿ ಒಂದು ಸಾಲು ಬರೆಯಲಾರದೆ ಪೆನ್ನಿನ ಮುಚ್ಚಳ ಹಾಕಿದೆ. ಕೈಕಟ್ಟಿ ಹಾಕಿದರೆ ಜಗ್ಗಾಡಬಹುದು; ಕೈ ಹಿಡಿದು ಬೇಡಿದರೆ ಏನು ಮಾಡಲಿ ಹೇಳು.

ನಿನ್ನ ಮೊಣಕೈ ನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲುಗಳಲ್ಲಿ ಜೋಪಾನ. ಅಳಿಯನಿಗೂ ಮಕ್ಕಳಿಗೂ ನಮ್ಮೆಲ್ಲರ ನೆನಪು ತಿಳಿಸು. ನಿನಗೆ ಆರೋಗ್ಯ, ಒಳ್ಳೆಯ ನಿದ್ದೆ ಸಿಗಲಿ. ಈ ಪತ್ರ ಓದಿದ ದಿನ ಸಿಗಲಾರದು, ಮಾರನೆಯ ದಿನದಿಂದಲಾದರೂ ಸಿಗಲಿ.

ಇತಿ ನಿನ್ನ
ಅಣ್ಣ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಚಿನಕುರಳಿ ಆ ದಿನದಿಂದ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದಾಳೆ. ಏನು ಹೇಳಿದರೂ "ಅರ್ಥ ಆಯ್ತು" ಎನ್ನುತ್ತಾಳೆ, ನಾವು ಮಾತು ಮುಗಿಸುವ ಮುಂಚೆಯೇ. ಮೊನ್ನೆ ಭಾನುವಾರ ಅವಳ ಲೆಕ್ಕದ ಪುಸ್ತಕ ಹಿಡಿದು ಕುಳಿತಾಗ ಪರೀಕ್ಷಿಸಲೆಂದೇ ಅಸಂಬದ್ಧ ಹೇಳಿದೆ: "ನೋಡು ಪುಟ್ಟಿ, ಐದರಲ್ಲಿ ಎರಡು ಕಳೆದರೆ ಕಿಟಕಿ ಒದ್ದೆಯಾಗುತ್ತೆ, ಆದ್ದರಿಂದ ಉತ್ತರ ಮಂಗಳವಾರ." ಮೊದಲಿನ ಚಿನಕುರಳಿಯಾಗಿದ್ದರೆ ನೆಲದ ಮೇಲೆ ಉರುಳಾಡಿ ನಗುತ್ತಿದ್ದಳು. ಇವಳು ನನ್ನ ಮುಖವನ್ನು ಒಂದು ಕ್ಷಣ ನೋಡಿ, "ಅರ್ಥ ಆಯ್ತು ತಾತ" ಎಂದಳು. ಮಂಗಳವಾರ ಎಂದು ಬರೆದುಕೊಂಡಳು.

ನನ್ನ ಬಾಯಿಗೆ ಬೀಗ ಬಿದ್ದಿದೆ, ನಿನ್ನ ಬಾಯಿಗೆ ಬಿದ್ದಿಲ್ಲ. ನೀನು ಆ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವಳು; ನೀನು ಬರೆದರೆ ತನ್ನ ಶಾಲೆಗಾಗಿ ಬರೆದಳು ಎನ್ನುತ್ತಾರೆ, ಯಾರ ಸಂಬಂಧಿ ಎಂದು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಸೊಸೆಯ ನವೀಕರಣ ಮುಗಿದ ಮೇಲೆ, ಮಗುವಿನ ಗುರುತು ಬಿಟ್ಟು, ನಿನ್ನ ಹೆಸರಿನಲ್ಲಿ ಪತ್ರಿಕೆಗೆ ಬರೆ. ಮುಂದಿನ ಘಟಿಕೋತ್ಸವದಲ್ಲಿ ಕುಲಪತಿಗಳು ನಿಲುವಂಗಿ ತೊಟ್ಟು ಮೈಕಿನ ಮುಂದೆ ನಿಂತಾಗ ಊರಿನವರೆಲ್ಲರ ಎದುರು ಉತ್ತರ ಕೊಡಲಿ: ಕಲಿಸುವುದನ್ನು ಕಲಿಸುವ ಮನೆಯಲ್ಲಿ ಒಂದು ಮಗು ಎದ್ದು ನಿಂತು ಅರ್ಥವಾಗಲಿಲ್ಲ ಎಂದಿತು, ಅದನ್ನು ಹೊರಗೆ ಕೂರಿಸಿದ್ದು ಯಾವ ತಪ್ಪಿಗೆ?