ನಿನ್ನಣ್ಣನ ಬಲಗೈ

ಜೂನ್ ೧೪, ಶುಕ್ರವಾರ

ನನ್ನ ಗುಂಡುವಿಗೆ, ಅಂಗಡಿಯ ಹಿಂದಿನ ಕೋಣೆಯಿಂದ ನಿನ್ನ ಅತ್ತಿಗೆ ಬರೆಯುವುದು.

ನಿನ್ನ ಎರಡು ಕಾಗದ ಬಂದು ಕೂತಿವೆ. ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಳ್ಳಬೇಡ. ಅಂಗಡಿ ತೆಗೆಯುವುದೂ ನಾನೇ, ಕನ್ನಡಿಯ ಚೌಕಟ್ಟಿಗೆ ಮೊಳೆ ಹೊಡೆಯುವುದೂ ನಾನೇ, ಅಡುಗೆಯೂ ನಾನೇ. ಸಂಜೆ ಪೆನ್ನು ಹಿಡಿದರೆ ಕಣ್ಣು ತಾನಾಗಿ ಮುಚ್ಚುತ್ತದೆ. ಮಗಳು ಹುಟ್ಟಿದ ಸುದ್ದಿ ಓದಿ ಮಾತ್ರ ಸುಸ್ತೆಲ್ಲ ಇಳಿಯಿತು. ಮೂಗು ನಿನ್ನದೇ ಅಂತ ಬರೆದಿದ್ದೀಯ. ಪಾಪ, ಬೆಳೆಯುತ್ತಾ ಸರಿಹೋದೀತು ಬಿಡು.

ಗಿರಾಕಿಗಳೆದುರೇ ನಿನ್ನ ಕೆನ್ನೆಗೆ ಹೊಡೆದು ಅಂಗಡಿಯಿಂದ ಅಟ್ಟಿದ ಅಣ್ಣನ ಯೋಗಕ್ಷೇಮವನ್ನು ಪ್ರತಿ ಕಾಗದದಲ್ಲೂ ಕೇಳುತ್ತೀಯಲ್ಲ, ಈ ಸಲ ಪೂರ್ತಿ ಹೇಳುತ್ತೇನೆ.

ಕಳೆದ ವರ್ಷದಿಂದ ನಿನ್ನಣ್ಣನ ಬಲಗೈ ಮಾತು ಕೇಳುತ್ತಿಲ್ಲ. ಊಟಕ್ಕೆ, ಅಂಗಿಯ ಗುಂಡಿ ಹಾಕಿಕೊಳ್ಳಲು ಚೆನ್ನಾಗಿಯೇ ಇರುತ್ತದೆ. ಗಾಜು ಕೊಯ್ಯುವ ಕಟರ್ ಹಿಡಿದರೆ ಸಾಕು, ಬೆರಳು ಒಳಕ್ಕೆ ಸುರುಟಿಕೊಂಡು, ಮಣಿಕಟ್ಟು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕೆಟ್ಟ ಗಾಜನ್ನೆಲ್ಲ ಗೋಡೆಗೆ ಎಸೆಯುವರು, ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದುಹೋಯಿತು.

ನರರೋಗದ ಡಾಕ್ಟರು ನಿನಗಿಂತ ಚಿಕ್ಕ ಹುಡುಗಿ. ಕೈಯದು ತಪ್ಪಿಲ್ಲ, ಚಲನೆಯನ್ನು ನೋಡಿಕೊಳ್ಳುವ ಮಿದುಳಿನ ಭಾಗದ್ದು ಅಂದಳು. ಗುಳಿಗೆಗಳೆಲ್ಲ ಸೋತ ಮೇಲೆ ಒಂದು ಹನಿ ಔಷಧಿ ಕೊಟ್ಟಳು. ಗಾಂಜಾ ಗಿಡದ ಸತ್ವ ಅಂದಾಗ ನಾನು ಹೌಹಾರಿದೆ. ಅವಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. ಅಂಥದ್ದೇ ಒಂದು ರಸವನ್ನು ನಮ್ಮ ಮಿದುಳೂ ಮಾಡಿಕೊಳ್ಳುತ್ತದಂತೆ. ಅದನ್ನು ಹಿಡಿದುಕೊಳ್ಳಲು ನರಕೋಶಗಳ ಮೇಲೆ ಗ್ರಾಹಕಗಳೆಂಬ ಕೊಂಡಿಗಳಿವೆಯಂತೆ. ಒಂದು ನರ ಇನ್ನೊಂದರ ಮೇಲೆ ಅತಿಯಾಗಿ ಕೂಗಾಡಿದರೆ 'ಸಾಕು, ಮೆಲ್ಲಗೆ' ಎನ್ನುವುದು ಅವುಗಳ ಕೆಲಸ. ಗಿಡದ ಸತ್ವವೂ ಹೋಗಿ ಅಲ್ಲೇ ಅಂಟುತ್ತದೆ. ಅದನ್ನು ಕೈಗೆ ಮಾತ್ರ ಕೊಡಿ ಎಂದು ನಿನ್ನಣ್ಣ ಕೇಳಿದರು.

"ಆಗಲ್ಲ. ಚಲನೆ ನೋಡ್ಕೊಳ್ಳೋ ಜಾಗದಲ್ಲಿ ಅವು ತುಂಬಾ ಇವೆ. ಕೋಪ, ಭಯ, ಹಸಿವು, ನೆನಪು, ಇವುಗಳ ಜಾಗದಲ್ಲೂ ಇವೆ. ಹನಿ ಎಲ್ಲಾ ಕಡೆ ಹೋಗುತ್ತೆ," ಅಂದಳು.

ಕೈ ನಿಜವಾಗಿಯೂ ಸಡಿಲವಾಯಿತು ಗುಂಡು. ಒಂದು ಮೊಟ್ಟೆಯಾಕಾರದ ಕನ್ನಡಿಯನ್ನು ಮೊದಲಿನ ಹಾಗೇ ಒಂದೇ ಎಳೆತಕ್ಕೆ ಕೊಯ್ದರು. ಅವರ ಸ್ವಭಾವವೂ ಬದಲಾಯಿತು. ನಿಮ್ಮ ಕನ್ನಡಿಯಲ್ಲಿ ನಾನು ದಪ್ಪ ಕಾಣುತ್ತೇನೆ ಎಂದು ಜಗಳಕ್ಕೆ ಬಂದ ದರ್ಜಿಯ ಹೆಂಡತಿಯ ಮುಂದೆ ನಕ್ಕುಬಿಟ್ಟರು. ಎರಡನೇ ಸಲ ಬಡಿಸಿಕೊಳ್ಳುವಾಗ, "ನಿಂಗೆ ಇಟ್ಕೊಂಡಿದ್ದೀಯಾ?" ಎಂದು ಕೇಳಿದರು. ಮದುವೆಯಾದಂದಿನಿಂದ ಕೇಳದ ಮಾತು. ಕಣ್ಣೀರು ಕಾಣಬಾರದೆಂದು ಪಾತ್ರೆ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿಕೊಂಡೆ.

ಆದರೆ ಬರಬರುತ್ತಾ ನಿಧಾನವಾದರು. ಹೇಳಿದ್ದು ಮರೆಯುವರು, ಕೂತಲ್ಲಿಂದ ಏಳುವುದಕ್ಕೇ ಒಂದು ಯುಗ. ಒಂದು ದಿನ ಹೆಗಲ ಮೇಲೆ ಗಾಜಿನ ಹಾಳೆ ಹೊತ್ತು ರಸ್ತೆಯ ನಡುವೆ ನಿಂತೇಬಿಟ್ಟರು. ಬಸ್ಸುಗಳು ಹಾರ್ನ್ ಹೊಡೆದರೂ ಅಲುಗಲಿಲ್ಲ. ಎದುರಿನ ಕ್ಷೌರದಂಗಡಿಯವನು ಓಡಿಹೋಗಿ ಮೊಣಕೈ ಹಿಡಿದು ಕರೆತಂದ. ಏನಾಯಿತು ಎಂದು ಕೇಳಿದೆ. "ಹೆಜ್ಜೆ ಇಡ್ಬೇಕು ಅಂತ ಗೊತ್ತಿತ್ತು. ಇಡೋಣ ಅನ್ನಿಸ್ಲಿಲ್ಲ," ಅಂದರು.

ಡಾಕ್ಟರು ಹನಿ ಕಡಿಮೆ ಮಾಡಿ, ಆಮೇಲೆ ನಿಲ್ಲಿಸಿಯೇಬಿಟ್ಟಳು. ನಡಿಗೆ ಮೊದಲಿನಂತಾಯಿತು. ಕೈ ಮತ್ತೆ ತಿರುಚಿಕೊಂಡಿತು. ಚಹಾ ತಣ್ಣಗಿದೆಯೆಂದು ಲೋಟ ಹಾರುವುದೂ ಶುರುವಾಯಿತು. ಇನ್ನು ಮುಂದೋಳಿಗೆ ಚುಚ್ಚುಮದ್ದು ಕೊಟ್ಟು ನೋಡುತ್ತಾರಂತೆ. ನಾನು ಹೂಂ ಅಂದಿದ್ದೇನೆ, ಅಷ್ಟೆ. ಆಸೆಪಡುವುದಕ್ಕೂ ಶಕ್ತಿ ಬೇಕು. ಇಬ್ಬರು ಗಂಡಂದಿರ ಜೊತೆ ಬಾಳಿ, ಒಬ್ಬನನ್ನು ಕಳೆದುಕೊಂಡವಳಂತೆ ಓಡಾಡಿಕೊಂಡಿದ್ದೇನೆ. ಇದನ್ನು ಹೇಳಿಕೊಳ್ಳಲು ನೀನಲ್ಲದೆ ನನಗೆ ಯಾರಿದ್ದಾರೆ?

ಬಾಣಂತಿ ಭಾರ ಎತ್ತದಂತೆ ನೋಡಿಕೋ. ಮಗುವಿನ ನೆತ್ತಿಗೆ ನನ್ನ ಮುತ್ತು. ಮೂವರೂ ನೆಮ್ಮದಿಯಾಗಿರಿ.

ನಿನ್ನನ್ನು ಎತ್ತಿ ಆಡಿಸಿದ
ಅತ್ತಿಗೆ

ಮತ್ತೆ: ಮರೆತು ಕೆಳಗೆ ಬರೆಯುತ್ತಿಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಹನಿ ತೆಗೆದುಕೊಳ್ಳುತ್ತಿದ್ದಾಗ ಒಂದು ಮಧ್ಯಾಹ್ನ ನಿನ್ನಣ್ಣ, "ಗುಂಡೂನ ಬರೋಕೆ ಹೇಳು. ಅವತ್ತು ತಪ್ಪು ನಂದೇ," ಅಂದರು. ಇದು ಅವರ ಮಾತೋ ಔಷಧಿಯ ಮಾತೋ ಎಂದು ಡಾಕ್ಟರನ್ನು ಕೇಳಿದೆ. ಅದನ್ನು ಹೇಳಲು ತನಗೂ ಆಗುವುದಿಲ್ಲ ಅಂದಳು. ಹನಿ ನಿಂತ ಮೇಲೂ ಅದೇ ಮಾತು ಬಂದರೆ ನಿನಗೆ ಬರೆಯೋಣವೆಂದು ಕಾದೆ. ಕಾಗದ ತಡವಾದದ್ದು ಅದಕ್ಕೇ. ಬರಲಿಲ್ಲ. ನಿನ್ನೆ ನಾನೇ ನೆನಪಿಸಿದೆ. "ನಾನು ಹಾಗಂದ್ನಾ?" ಅಂದರು. ಅಂದಿರಿ ಅಂದೆ. ಎದ್ದು ಅಂಗಡಿಗೆ ಹೋದರು. ಬಾ ಎನ್ನಲು ಭಯ, ಬೇಡ ಎನ್ನಲು ಬಾಯಿ ಬಾರದು. ನೀನು ಮಗುವನ್ನೆತ್ತಿಕೊಂಡು ಬಂದು ನಿಂತರೆ, ಬಾಗಿಲು ತೆಗೆಯುವುದು ಯಾವ ಅಣ್ಣನೋ ನನಗೆ ಗೊತ್ತಿಲ್ಲ.